ಪರಊರಿನ ಪಬ್ಬಿಗೆ ಕಾಲಿಡುವ ಮುನ್ನ

ಓದಲಿಕ್ಕೆ, ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದ ನಮ್ಮ ಹುಡುಗ ಹುಡುಗಿಯರಿಗೆ ಫುಟ್‌ಬಾಲ್ ಹುಚ್ಚು ಹಿಡಿಯಲು ಬಹಳ ದಿನ ಬೇಕಾಗುವುದಿಲ್ಲ. ಮೊದಲು ಟಿವಿ ಮುಂದೆ, ಆಮೇಲೆ ತಮ್ಮೂರಿನ ಮೈದಾನದಲ್ಲಿ, ಕೊನೆಗೆ ತಂಡದ ಬೆನ್ನು ಹತ್ತಿ ಊರೂರು. ಹೋಗಿ, ನಾನು ಬೇಡ ಅನ್ನುವುದಿಲ್ಲ. ಪ್ರೀಮಿಯರ್ ಲೀಗಿನಲ್ಲಿ ಹೊರಗಿನಿಂದ ಬರುವ ಅಭಿಮಾನಿಗಳ ಟಿಕೆಟ್ ದರ 2016ರಿಂದ 30 ಪೌಂಡ್ ದಾಟುವ ಹಾಗಿಲ್ಲ. ಅದೊಂದು ಒಳ್ಳೆಯ ಕೆಲಸವಾಗಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮ್ಯಾಚಿಗೆ ಹೋದ ಮೇಲೆ ಪಬ್ಬಿಗೂ ಹೋಗುತ್ತೀರಿ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ.

ಮೈದಾನದ ಪಕ್ಕದಲ್ಲಿದೆ ಅಂತ ಸಿಕ್ಕ ಪಬ್ಬಿನ ಬಾಗಿಲು ತಳ್ಳಬೇಡಿ. ಮ್ಯಾಚಿನ ದಿನ ಎಷ್ಟೋ ಪಬ್ಬುಗಳು ಸ್ಥಳೀಯ ತಂಡದವರಿಗೆ ಮಾತ್ರ ಪ್ರವೇಶ ಅಂತ ಬಾಗಿಲಿಗೆ ಬೋರ್ಡ್ ಹಾಕಿರುತ್ತವೆ. ಬೌನ್ಸರ್ ಟಿಕೆಟ್ ತೋರಿಸಿ ಅಂದರೆ ತೋರಿಸಿ, ಆಗಲ್ಲ ಅಂದರೆ ವಾದ ಮಾಡದೆ ಮುಂದೆ ನಡೆಯಿರಿ. ಜಾಕೆಟ್ಟಿನ ಕೆಳಗೆ ಜೆರ್ಸಿ ಮುಚ್ಚಿಕೊಂಡು ನುಸುಳುವುದು, ಒಳಗಿನ ಟಿವಿಯಲ್ಲಿ ಗೋಲು ಬಿದ್ದ ಕೂಡಲೇ ಮೈಮರೆತು ಕುಣಿಯುವುದು, ಇಂಥದ್ದೆಲ್ಲ ಬೇಡವೇ ಬೇಡ. ಹೊರಗಿನವರನ್ನು ಯಾವ ಪಬ್ಬು ಬಿಟ್ಟುಕೊಳ್ಳುತ್ತದೆ ಅಂತ ಹೊರಡುವ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ವರ್ಷಗಟ್ಟಲೆ ಪರಊರು ಸುತ್ತಿದ ಹಿರಿಯ ಅಭಿಮಾನಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ಕೇಳಿದರೆ ಸಂತೋಷವಾಗಿ ಹೇಳುತ್ತಾರೆ. ನೀವೇ ಕೇಳುವುದಿಲ್ಲ.

ಒಳಗೆ ಹೋದ ಮೇಲೆ, ಬೀಗರ ಮನೆಗೆ ಮೊದಲ ಸಲ ಹೋದವರು ಹೇಗೆ ಕೂರುತ್ತಾರೋ ಹಾಗೆ ಕೂರಿ. ನಿಮಗದು ಒಂದು ಮಧ್ಯಾಹ್ನದ ಜಾಗ, ಆ ಬೀದಿಯವರಿಗೆ ತಲೆಮಾರುಗಳಿಂದ ಬಂದದ್ದು. ಲಿವರ್‌ಪೂಲಿನ ಆನ್‌ಫೀಲ್ಡ್ ಹತ್ತಿರದ ಸ್ಯಾಂಡನ್ ಪಬ್ಬನ್ನೇ ನೋಡಿ. ಒಂದು ಕಾಲದಲ್ಲಿ ಅದರ ಮಾಲೀಕ ಜಾನ್ ಹೋಲ್ಡಿಂಗ್, ಬಿಯರ್ ತಯಾರಿಸಿ ಮಾರುತ್ತಿದ್ದ ಮನುಷ್ಯ. ಆಗ ಆನ್‌ಫೀಲ್ಡಿನಲ್ಲಿ ಆಡುತ್ತಿದ್ದದ್ದು ಎವರ್ಟನ್. ಆಟಗಾರರು ಬಟ್ಟೆ ಬದಲಿಸುತ್ತಿದ್ದದ್ದೂ ಸ್ಯಾಂಡನ್ನಿನಲ್ಲೇ. ಮೈದಾನದ ಬಾಡಿಗೆ ವಿಚಾರಕ್ಕೆ ಹೋಲ್ಡಿಂಗ್ ಜೊತೆ ಜಗಳವಾಗಿ 1892ರಲ್ಲಿ ಎವರ್ಟನ್ ಸ್ಟ್ಯಾನ್ಲಿ ಪಾರ್ಕಿನ ಆಚೆಗಿನ ಗುಡಿಸನ್ ಪಾರ್ಕಿಗೆ ಎದ್ದು ಹೋಯಿತು. ಖಾಲಿ ಬಿದ್ದ ಮೈದಾನಕ್ಕೆ ಹೋಲ್ಡಿಂಗ್ ಕಟ್ಟಿಕೊಂಡ ಹೊಸ ತಂಡವೇ ಲಿವರ್‌ಪೂಲ್. ಇಂಥ ಗೋಡೆಗಳ ನಡುವೆ ಕೂತು, ಇದೆಂಥ ಹಳೇ ಕೊಂಪೆ ಅಂತ ಗಟ್ಟಿಯಾಗಿ ಅಂದರೆ ಯಾರಿಗೆ ತಾನೇ ನೋವಾಗುವುದಿಲ್ಲ?

ಅದೇ ಊರಿನ ಇನ್ನೊಂದು ವಿಷಯ ಮನಸ್ಸಿನಲ್ಲಿಡಿ. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನಲ್ಲಿ ಲಿವರ್‌ಪೂಲಿನ 97 ಜನ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ತಪ್ಪನ್ನೆಲ್ಲ ಅವರ ಮೇಲೇ ಹೊರಿಸಿ ಬರೆದ ‘ದಿ ಸನ್’ ಪತ್ರಿಕೆಯನ್ನು ಅಲ್ಲಿನ ಬಹಳಷ್ಟು ಜನ ಇವತ್ತಿಗೂ ಮುಟ್ಟುವುದಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಊರಿನ ಪಬ್ಬಿಗೆ ಹೋಗಬೇಡಿ. ತಂಡದ ಆಟಗಾರರನ್ನೇ ಬಲಿ ತೆಗೆದುಕೊಂಡ 1958ರ ಮ್ಯೂನಿಕ್ ವಿಮಾನ ಅಪಘಾತ ಮ್ಯಾಂಚೆಸ್ಟರ್ ಯುನೈಟೆಡ್‌ನವರಿಗೆ ಅಷ್ಟೇ ದೊಡ್ಡ ನೋವು. ಸತ್ತವರ ಹೆಸರಿನಲ್ಲಿ ಅಣಕದ ಹಾಡು ಶುರುವಾದರೆ, ಹಾಡುವವರು ನಿಮ್ಮ ತಂಡದವರೇ ಆಗಿದ್ದರೂ ದನಿ ಸೇರಿಸಬೇಡಿ. ಅದಕ್ಕೆ ಪೊಲೀಸ್ ಕೇಸೂ ಬೀಳಬಹುದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಊಟ ಅಂದೆ, ಅಲ್ಲೂ ನಿಮ್ಮನ್ನು ಗದರಬೇಕು. ಹೊಸ ಜೆರ್ಸಿಗೆ ದುಡ್ಡಿರುತ್ತದೆ, ಬೆಳಗಿನ ತಿಂಡಿಗೆ ಪುರುಸೊತ್ತಿರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಖಾಲಿ ಹೊಟ್ಟೆಯಲ್ಲಿ ಆರೂವರೆ ರೈಲು ಹತ್ತಿ, ಹನ್ನೊಂದಕ್ಕೆ ಪಬ್ಬಿನಲ್ಲಿ ಕೂತರೆ ಮೂರು ಗಂಟೆಯ ಮ್ಯಾಚು ಕಣ್ಣಿಗೆ ಕಾಣುತ್ತದೆಯೇ? ಮೊದಲು ತಿನ್ನಿ. ಸಸ್ಯಾಹಾರಿಗಳು ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಕೇಳಿ ತೆಗೆದುಕೊಳ್ಳಿ. ಉತ್ತರದ ಊರುಗಳಲ್ಲಿ, ಅದರಲ್ಲೂ ಯಾರ್ಕ್‌ಷೈರ್ ಕಡೆ, ದನದ ಕೊಬ್ಬಿನಲ್ಲಿ ಕರಿಯುವ ರೂಢಿ ಇನ್ನೂ ಇದೆ.

ಒಂದು ಪಿಂಟ್ ಅಂದರೆ 568 ಮಿಲಿಲೀಟರ್. ಅರ್ಧ ಪಿಂಟ್ ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಕುಡಿಯದವರು ಲೈಮ್ ಸೋಡಾ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಗೆಳೆಯರು ಸರದಿಯಂತೆ ಎಲ್ಲರಿಗೂ ಕೊಡಿಸುತ್ತಿರುವಾಗ ನಿಮ್ಮ ಸರದಿಗೆ ಸರಿಯಾಗಿ ಶೌಚಾಲಯದ ಕಡೆ ಹೋಗಬೇಡಿ, ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಬೇಕಾದದ್ದನ್ನು ಕೌಂಟರಿಗೆ ಹೋಗಿ ನೀವೇ ಕೇಳಬೇಕು. ನಿಮಗಿಂತ ಮುಂಚೆ ಬಂದವರನ್ನು ಮುಂದೆ ಬಿಡಿ, ಚಿಟಿಕೆ ಹೊಡೆದು ಕರೆಯಬೇಡಿ. ವಯಸ್ಸು 25ಕ್ಕಿಂತ ಕಡಿಮೆ ಅನ್ನಿಸಿದರೆ ಗುರುತಿನ ಚೀಟಿ ಕೇಳುತ್ತಾರೆ, ಕೋಪಿಸಿಕೊಳ್ಳದೆ ತೋರಿಸಿ.

ಕಾನೂನು ಇಲ್ಲಿ ಬಿಗಿ. 1985ರ ಕಾಯ್ದೆಯ ಪ್ರಕಾರ ಮ್ಯಾಚಿಗೆಂದೇ ಹೊರಟ ಬಸ್ಸಿನಲ್ಲಿ ಮದ್ಯ ಇಟ್ಟುಕೊಳ್ಳುವುದು ಅಪರಾಧ, ಎಂಟಕ್ಕಿಂತ ಹೆಚ್ಚು ಪ್ರಯಾಣಿಕರು ಕೂರುವ ಮಿನಿಬಸ್ಸಿಗೂ ಇದು ಅನ್ವಯ. ಅಮಲೇರಿದ ಸ್ಥಿತಿಯಲ್ಲಿ ಮೈದಾನದೊಳಗೆ ಹೋಗುವುದೂ ಅಪರಾಧ. ಒಳಗೆ ಕೊಂಡ ಬಿಯರನ್ನು ಆಟ ಕಾಣುವ ಸೀಟಿಗೆ ಒಯ್ಯುವಂತಿಲ್ಲ. ಗಲಾಟೆಯಲ್ಲಿ ಸಿಕ್ಕಿಬಿದ್ದು ಶಿಕ್ಷೆಯಾದರೆ ಕನಿಷ್ಠ 3 ವರ್ಷ ಮೈದಾನದಿಂದ ನಿಷೇಧ ಬೀಳಬಹುದು. ವೀಸಾ ಮೇಲೆ ಇರುವವರಿಗೆ ಅದು ಮುಂದಿನ ಅರ್ಜಿಗೂ ಅಡ್ಡ ಬರಬಹುದು. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ? ಗಲಾಟೆಯ ಸುಳಿವು ಸಿಕ್ಕ ಕೂಡಲೇ, ಲೋಟದಲ್ಲಿ ಎಷ್ಟೇ ಉಳಿದಿರಲಿ, ಹೊರಟುಬಿಡಿ.

ಮ್ಯಾಚಿಗೆ ಒಂದು ಗಂಟೆ ಮುಂಚೆಯೇ ಪಬ್ಬಿನಿಂದ ಏಳಿ. ಗೇಟಿನಲ್ಲಿ ತಪಾಸಣೆ ಇರುತ್ತದೆ. ನ್ಯೂಕಾಸಲ್‌ನಂಥ ಕಡೆ ಹೊರಗಿನವರ ಸೀಟು ತುತ್ತತುದಿಯಲ್ಲಿ, ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸೋಲುತ್ತದೆ. ಹೊಟ್ಟೆ ತುಂಬ ಬಿಯರ್ ಇದ್ದರೆ ಕೇಳುವುದೇ ಬೇಡ. ಮ್ಯಾಚು ಮುಗಿದ ಮೇಲೆ, ಸೋತಿರಲಿ ಗೆದ್ದಿರಲಿ, ಮೈದಾನದ ಸುತ್ತಲ ಪಬ್ಬುಗಳ ಹತ್ತಿರ ಸುಳಿಯದೆ ನೇರ ಸ್ಟೇಷನ್ನಿಗೆ ನಡೆಯಿರಿ. ಕಾರು ಓಡಿಸುವವರು ಬೆಳಗಿನಿಂದಲೇ ಒಂದು ಹನಿಯನ್ನೂ ಮುಟ್ಟಬಾರದು, ಇದರಲ್ಲಿ ಚೌಕಾಸಿ ಇಲ್ಲ. ಕೆಲವು ರೈಲುಗಳಲ್ಲಿ ಮ್ಯಾಚಿನ ದಿನ ಮದ್ಯಕ್ಕೇ ನಿಷೇಧ ಇರುತ್ತದೆ, ಬ್ಯಾಗಿನಲ್ಲಿ ಕ್ಯಾನು ತುಂಬಿಕೊಳ್ಳುವ ಮುಂಚೆ ನೋಡಿಕೊಳ್ಳಿ. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಎಲ್ಲರೂ ಬರೆದುಕೊಂಡಿರಿ. ಜೊತೆಯವರಲ್ಲಿ ಯಾರಾದರೂ ಜಾಸ್ತಿ ಕುಡಿದಿದ್ದರೆ ನೀರು ಕುಡಿಸಿ, ಪಕ್ಕದಲ್ಲೇ ಕೂರಿಸಿಕೊಂಡು ಮನೆ ಬಾಗಿಲಿನವರೆಗೂ ಬಿಟ್ಟು ಬನ್ನಿ.