ಕ್ಯಾಮೆರಾಗೆ ತೊಟ್ಟಿ ಮನೆ ಯಾಕೆ ಬೇಕು?

ಹಳೇ ಮನೆಯೊಂದಕ್ಕೆ ಶೂಟಿಂಗ್‌ನವರು ಬಂದರೆ ಊರೆಲ್ಲಾ ಕೇಳೋದು ಒಂದೇ: ಹೀರೋ ಯಾರು? ಇಂಜಿನಿಯರಿಂಗ್ ಓದುವ ನಾವು ಇನ್ನೆರಡು ಪ್ರಶ್ನೆ ಕೇಳಬೇಕು. ಬೇಕಾದರೆ ಸೆಟ್ ಹಾಕಬಲ್ಲವರು ಈ ಮನೆಯನ್ನೇ ಹುಡುಕಿಕೊಂಡು ಯಾಕೆ ಬಂದರು? ಅವರು ಹೋದ ಮೇಲೆ ಮನೆಯ ಗತಿ ಏನು?

ಇದು ನಮಗೆ ಬರೀ ಸಿನಿಮಾ ಹುಚ್ಚಿನ ವಿಷಯ ಅಲ್ಲ. ನಮ್ಮ ಕ್ಲಬ್ಬಿನಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯವರು ಹಲವರಿದ್ದೇವೆ. ರಾಯಚರ್ಲು ಕಡೆಯ ಗೆಳೆಯನೊಬ್ಬನ ಮನೆಯವರಿಗೆ ತಾತನ ಕಾಲದ ತೊಟ್ಟಿ ಮನೆ ಇದೆ. ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಅಂತಾರೆ ಅವನ ದೊಡ್ಡಪ್ಪ. ಶೂಟಿಂಗ್‌ಗೆ ಬಾಡಿಗೆಗೆ ಕೊಡೋಣ ಅಂತಾರೆ ಚಿಕ್ಕಪ್ಪ. ನಾನಿರೋವರೆಗೂ ಯಾರೂ ಮುಟ್ಟಬೇಡಿ ಅಂತಾರೆ ಅಜ್ಜಿ. ಇಂಥ ಮಾತುಕತೆ ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ನಡೀತಾ ಇದೆ. ಅದಕ್ಕೆ ನಾವು ಟೇಪು ಹಿಡಿದು ಆ ಮನೆ ಅಳೆದೆವು, ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆವು.

ಮೊದಲು ಮಾಲ್ಗುಡಿಯ ಮನೆ

ಕನ್ನಡ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಆಗುಂಬೆಯ ದೊಡ್ಡಮನೆ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ 1986ರ ಹೊತ್ತಿಗೆ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ತಂದರು. ಮಾಲ್ಗುಡಿ ಅನ್ನೋ ಊರು ಭೂಪಟದಲ್ಲಿ ಇರಲಿಲ್ಲ; ಆಗುಂಬೆಯೇ ಮಾಲ್ಗುಡಿ ಆಯಿತು, ದೊಡ್ಡಮನೆ ಪುಟ್ಟ ಸ್ವಾಮಿಯ ಮನೆ ಆಯಿತು. ಕೆಲವು ಕಂತುಗಳನ್ನು ನಮ್ಮ ತುಮಕೂರಿನ ದೇವರಾಯನದುರ್ಗದಲ್ಲೂ ಚಿತ್ರಿಸಿದರು. ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆಗಿದ್ದ ಅರಸಾಳಿನಲ್ಲಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಶುರುವಾಯಿತು.

ಇದಕ್ಕೆ ಎದುರಾಗಿ ‘ಶೋಲೆ’ ನೆನಪಿಸಿಕೊಳ್ಳಿ. 1975ರಲ್ಲಿ ಬಿಡುಗಡೆಯಾದ ಆ ಸಿನಿಮಾಕ್ಕೆ ರಾಮನಗರದ ಬೆಟ್ಟಗಳ ನಡುವೆ ಒಂದು ಊರನ್ನೇ ಸೆಟ್ ಹಾಕಿದ್ದರು. ಸೆಟ್ ಹೋಯಿತು, ಬಂಡೆಗಳು ಉಳಿದವು. ದೊಡ್ಡಮನೆ ಸೆಟ್ ಅಲ್ಲ, ಸಂಸಾರ ನಡೆದ ಮನೆ. ಧಾರಾವಾಹಿ ಬಂದು ಮೂರು ದಶಕ ಕಳೆದ ಮೇಲೂ ಜನ ಅದನ್ನು ನೋಡೋಕೆ ಹೋಗ್ತಿದ್ದಾರೆ. ಶೂಟಿಂಗ್ ಬಾಡಿಗೆ ಕೆಲವು ದಿನದ್ದು. ಮನೆ ಉಳಿದರೆ ಹೆಸರು ಬಹಳ ಕಾಲದ್ದು.

ಹೊರಗೂ ಹೀಗೇ. ಕೇರಳದ ಒಟ್ಟಪಾಲಂ ಹತ್ತಿರದ ವರಿಕ್ಕಾಶ್ಶೇರಿ ಮನ 1993ರ ‘ದೇವಾಸುರಂ’ ಸಿನಿಮಾದಿಂದ ಮನೆಮಾತಾಯಿತು. ಇಂಗ್ಲೆಂಡಿನ ‘ಡೌನ್‌ಟನ್ ಆ್ಯಬಿ’ ಧಾರಾವಾಹಿ 2010ರಿಂದ 2015ರವರೆಗೆ ಬಂತು. ಅದರ ಬಂಗಲೆ ಹ್ಯಾಂಪ್‌ಶೈರ್‌ನ ಹೈಕ್ಲಿಯರ್ ಕಾಸಲ್. ಆದರೆ ಕೆಲಸದವರ ಅಡುಗೆಮನೆ ಮಾತ್ರ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಅಂದರೆ ಇಡೀ ಕಟ್ಟಡ ಬೇಕು ಅಂತೇನಿಲ್ಲ, ಕ್ಯಾಮೆರಾ ತನಗೆ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತೆ. ತೊಟ್ಟಿ ಮನೆಯಲ್ಲಿ ಅದಕ್ಕೆ ಬೇಕಾದದ್ದು ಏನು?

ಬೆಳಕಿನ ಲೆಕ್ಕ

ತೊಟ್ಟಿ ಅಂದರೆ ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಅದರ ಸುತ್ತ ಕಂಬಗಳ ಮೇಲೆ ನಿಂತ ಪಡಸಾಲೆ. ಮೇಲಿಂದ ಬಿದ್ದ ಬೆಳಕು ನೆಲಕ್ಕೂ ಸುಣ್ಣದ ಗೋಡೆಗೂ ತಾಗಿ, ಚದುರಿ, ಪಡಸಾಲೆಯಲ್ಲಿ ಕೂತವರ ಮುಖಕ್ಕೆ ಬರುತ್ತೆ. ಪಾವಗಡದ ಬಿಸಿಲು 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಡೆಸುತ್ತೆ, ನಿಜ. ಅದೇ ಬಿಸಿಲು ನಟಿಯ ಮುಖಕ್ಕೆ ನೇರ ಬಿದ್ದರೆ ಕಣ್ಣ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬಿದ್ದು ಕ್ಯಾಮೆರಾಮನ್ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತೆ. ಚದುರಿದ ಬೆಳಕಿಗೆ ಈ ಕಾಟ ಇಲ್ಲ. ಶೂಟಿಂಗ್‌ನವರು ದೊಡ್ಡ ಬಿಳಿ ಬಟ್ಟೆ ಕಟ್ಟಿ ಮಾಡೋ ಕೆಲಸವನ್ನು ತೊಟ್ಟಿ ಪುಕ್ಕಟೆ ಮಾಡಿಕೊಡುತ್ತೆ.

ದೂರದ ಲೆಕ್ಕ

ರಾಯಚರ್ಲು ಕಡೆಯ ಆ ಮನೆಯಲ್ಲಿ ತೊಟ್ಟಿ 16 ಅಡಿ, ಎರಡೂ ಬದಿಯ ಪಡಸಾಲೆ 8 ಅಡಿ. ಒಟ್ಟು 32 ಅಡಿ, ನಡುವೆ ಗೋಡೆಯೇ ಇಲ್ಲ. ಈಗ 50 ಎಂಎಂ ಲೆನ್ಸ್, ಸುಮಾರು 24 ಎಂಎಂ ಅಗಲದ ಸೆನ್ಸರ್ ತಗೊಳ್ಳಿ. ಹೈಸ್ಕೂಲಿನ ಸಮರೂಪ ತ್ರಿಕೋನ ಸಾಕು: ಕಾಣುವ ಅಗಲ = ದೂರ × 24 ÷ 50. ಹೊಸ ಮನೆಯ ರೂಮಿನಲ್ಲಿ 3 ಮೀಟರ್ ಹಿಂದೆ ಹೋಗಬಹುದು ಅಂದುಕೊಂಡರೆ ಕಾಣೋದು 1.44 ಮೀಟರ್. ಇಬ್ಬರು ಒತ್ತಿಕೊಂಡು ಕೂತರೆ ಫ್ರೇಮ್ ಫುಲ್. ತೊಟ್ಟಿಯ ಆ ಕಡೆಯಿಂದ 9 ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟರೆ ಕಾಣೋದು 4.32 ಮೀಟರ್. ಕಂಬ, ಅಜ್ಜಿ, ಮೊಮ್ಮಕ್ಕಳು, ಮಗ್ಗುಲಲ್ಲಿ ಮೊರ ಹಿಡಿದ ಅತ್ತೆ, ಎಲ್ಲರೂ ಬರ್ತಾರೆ.

ಹಾಗಾಗಿ ಬಾಡಿಗೆ ಆಸೆಗೆ ಮನೆ ರಿಪೇರಿ ಮಾಡಿಸುವವರು ಮೊದಲು ತೊಟ್ಟಿಗೆ ಶೀಟ್ ಹೊದಿಸಿ, ಪಡಸಾಲೆಗೆ ಗೋಡೆ ಎಬ್ಬಿಸಿದರೆ, ಶೂಟಿಂಗ್‌ನವರು ಬರುವ ಕಾರಣವನ್ನೇ ಮುಚ್ಚಿಬಿಟ್ಟಂತೆ.

ಭಾರ, ಕರೆಂಟು, ಗೋಡೆ

ಇನ್ನು ಎರಡನೇ ಪ್ರಶ್ನೆ. ಶೂಟಿಂಗ್ ಅಂದರೆ ಮನೆಗೆ ಒಂದೇ ದಿನ ಮದುವೆ ದಿಬ್ಬಣ ನುಗ್ಗಿದ ಹಾಗೆ.

ವಾಸದ ಮನೆಯ ರೂಮುಗಳಿಗೆ ನಾವು ಓದುವ ಐಎಸ್ 875 ಹೇಳುವ ಲೈವ್ ಲೋಡ್ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಹತ್ತಡಿ ಚೌಕದ ಅಟ್ಟದ ಮೇಲೆ 60 ಕೆ.ಜಿ. ತೂಕದ 25 ಜನ, ಜೊತೆಗೆ 300 ಕೆ.ಜಿ. ಸಾಮಾನು ಸೇರಿದರೆ ಹೆಚ್ಚುಕಮ್ಮಿ ಅಷ್ಟೇ ಆಯಿತು. ಆದರೆ ತಾತನ ಕಾಲದ ತೊಲೆ, ಜಂತಿ ಯಾವ ಕೋಡ್ ನೋಡಿ ಹಾಕಿದ್ದಲ್ಲ. ಒಳಗೆ ಗೆದ್ದಲು ಎಷ್ಟು ತಿಂದಿದೆಯೋ ಹೊರಗಿಂದ ಕಾಣಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಅದಕ್ಕೇ ಇಳಿಜಾರು ಹೆಂಚು. ಪಾವಗಡ ಕಡೆ ಅದರ ಹತ್ತನೇ ಒಂದು ಭಾಗವೂ ಇಲ್ಲ, ಅದಕ್ಕೇ ಚಪ್ಪಟೆ ಮಣ್ಣಿನ ಮಾಳಿಗೆ. ಚಪ್ಪಟೆ ಇದೆ ಅಂತ ಲೈಟ್‌ನವರನ್ನು ಮೇಲೆ ಹತ್ತಿಸಬಾರದು. ಮಣ್ಣಿನ ಭಾರವನ್ನೇ ಅದು ದಿನವೂ ಹೊರುತ್ತಿದೆ.

ಕರೆಂಟು: 2.5 ಕಿಲೋವ್ಯಾಟ್‌ನ ಒಂದು ಲೈಟ್ 230 ವೋಲ್ಟಿನಲ್ಲಿ ಸುಮಾರು 11 ಆಂಪಿಯರ್ ಎಳೆಯುತ್ತೆ. ಹಳೇ ವೈರಿಂಗ್‌ನ 5 ಆಂಪಿಯರ್ ಪಾಯಿಂಟಿಗೆ ಅದನ್ನು ಚುಚ್ಚಿದರೆ ಮರದ ಜಂತಿ ಪಕ್ಕದಲ್ಲೇ ವೈರ್ ಕಾಯುತ್ತೆ. ಜನರೇಟರ್ ವ್ಯಾನ್ ಬರಲೇಬೇಕು.

ಗೋಡೆ: ಮಣ್ಣು, ಸುಣ್ಣದ ಗೋಡೆ ತೇವ ಹೀರುತ್ತೆ, ಮತ್ತೆ ಹೊರಗೆ ಬಿಡುತ್ತೆ. ‘ಹಳೇ ಲುಕ್’ ಬೇಕು ಅಂತ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಅಥವಾ ಮೊಳೆ ಹೊಡೆದ ತೂತಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತೆ. ಯೂನಿಟ್ ಹೋದಾಗ ಏನೂ ಕಾಣಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಗಾರೆ ಹಪ್ಪಳದ ಥರ ಏಳುತ್ತೆ. ಅಷ್ಟರಲ್ಲಿ ಬಾಡಿಗೆ ದುಡ್ಡು ಖರ್ಚಾಗಿರುತ್ತೆ.

ಕೀಲಿ ಕೊಡೋ ಮುಂಚೆ

ಮನೆಯ ಹಿರಿಯರು ಬಾಯಿಮಾತಿಗೆ ಒಪ್ಪಿಬಿಡ್ತಾರೆ. ಕಾಗದದಲ್ಲಿ ಇಷ್ಟಾದರೂ ಬರೆಸಿ:

1. ಯೂನಿಟ್ ಬರುವ ಮುಂಚೆ ಪ್ರತಿ ಗೋಡೆ, ಕಂಬ, ಬಾಗಿಲಿನ ಫೋಟೋ. ಎರಡೂ ಕಡೆಯವರ ಸಹಿ.
2. ಅಟ್ಟ ಮತ್ತು ಮಾಳಿಗೆ ಮೇಲೆ ಎಷ್ಟು ಜನ ಅನ್ನೋ ಮಿತಿ.
3. ಮನೆ ವೈರಿಂಗ್ ಮುಟ್ಟೋ ಹಾಗಿಲ್ಲ. ಜನರೇಟರ್, ಬೆಂಕಿ ಆರಿಸುವ ಸಿಲಿಂಡರ್ ಅವರದೇ.
4. ಮೊಳೆ ಇಲ್ಲ, ಪೇಂಟ್ ಇಲ್ಲ. ಬಳಿಯಲೇಬೇಕಾದರೆ ಸುಣ್ಣ ಮಾತ್ರ.
5. ದೇವರ ಮನೆ ಮತ್ತು ಹಿರಿಯರು ಮಲಗುವ ಕೋಣೆಗೆ ಪ್ರವೇಶ ಇಲ್ಲ.
6. ಬಾಡಿಗೆಯಿಂದ ಬೇರೆಯಾಗಿ ಠೇವಣಿ. ಮನೆ ಪರೀಕ್ಷೆ ಆದ ಮೇಲೆ ವಾಪಸ್.

ಈ ಕಾಗದ ಇದ್ದರೆ ಚಿಕ್ಕಪ್ಪನ ಬಾಡಿಗೆಯೂ ಬರುತ್ತೆ, ಅಜ್ಜಿಯ ಮನೆಯೂ ಉಳಿಯುತ್ತೆ. ದೊಡ್ಡಪ್ಪನ ಮಾತಿಗೂ ಉತ್ತರ ಕೊಡಬೇಕು. ಸೋರುವ ಮಾಳಿಗೆ ಕೆಳಗೆ ಮಲಗೋದು ಅವರೇ ತಾನೆ? ಬಂದ ಬಾಡಿಗೆಯಲ್ಲಿ ಮೊದಲ ಪಾಲು ಮಾಳಿಗೆ ರಿಪೇರಿಗೆ ಹೋಗಬೇಕು ಅನ್ನೋದು ನಮ್ಮ ಅಭಿಪ್ರಾಯ. ಇಲ್ಲದಿದ್ದರೆ ಟಿವಿಯಲ್ಲಿ ಚೆಂದ ಕಂಡ ಮನೆ ಊರಲ್ಲಿ ಕುಸಿಯುತ್ತೆ.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮೂವತ್ತು ಮೀಟರ್ ಟೇಪು, ಗ್ರಾಫ್ ಹಾಳೆ, ಒಬ್ಬ ತಮ್ಮನೋ ತಂಗಿಯೋ ಸಾಕು. ತೊಟ್ಟಿಯ ಉದ್ದ ಅಗಲ, ಕಂಬಗಳ ನಡುವಿನ ಅಂತರ, ತೊಲೆಯ ದಪ್ಪ, ಗೋಡೆಯ ದಪ್ಪ ಅಳೆದು ಪ್ಲಾನ್ ಬರೆಯಿರಿ. ಯಾವ ಭಾಗಕ್ಕೆ ಏನು ಹೆಸರು ಅಂತ ಅಜ್ಜಿಯನ್ನು ಕೇಳಿ, ಅದನ್ನೂ ಅಲ್ಲೇ ಬರೆದುಕೊಳ್ಳಿ. ಮನೆ ಉಳಿಸುವ ಮಾತುಕತೆಗೆ ಆ ಹಾಳೆ ಬೇಕು. ಒಂದು ವೇಳೆ ಮನೆ ಉಳಿಯದೇ ಹೋದರೂ ಆ ಹಾಳೆ ಉಳಿಯಲಿ.