ಶಿಫ್ಟ್ ಬಿಟ್ಟ ಮೇಲೆ ಒಂದು ವೆಬ್‌ಕಾಮಿಕ್

ಸೊಲ್ಲಾಪುರದ ಪುಣೆ ರಸ್ತೆಯಲ್ಲಿರುವ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬರುವ ಅಕ್ಕಲಕೋಟೆ ಕಡೆಯ ಹುಡುಗ ಹುಡುಗಿಯರಿಗೆ ಭಾಷೆಗೇನೂ ಬಡತನವಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಹೊರಗಿನವರೊಡನೆ ಹಿಂದಿ. ಅಂಜಿಕೆ ಇರುವುದು ಇಂಗ್ಲಿಷಿನದು, ಕೆಲವರಿಗೆ ಓದಿನದೇ. ಈ ಅಂಜಿಕೆ ಬಿಡಿಸಲು ವೆಬ್‌ಕಾಮಿಕ್ಸ್‌ನಷ್ಟು ಸಲೀಸಾದ ದಾರಿ ನಾನು ಕಂಡಿಲ್ಲ. ಅರ್ಧ ಕಥೆಯನ್ನು ಚಿತ್ರವೇ ಹೇಳಿಬಿಡುತ್ತದೆ.

1. ನಮ್ಮೂರ ಹಕ್ಕಿಯಿಂದ ಶುರು ಮಾಡಿ. ನಾಗಪುರದಲ್ಲಿ ಹುಟ್ಟಿದ ರೋಹನ್ ಚಕ್ರವರ್ತಿ 2010ರಿಂದ ‘ಗ್ರೀನ್ ಹ್ಯೂಮರ್’ ಎಂಬ ಕಾಮಿಕ್ ಬರೆಯುತ್ತಿದ್ದಾರೆ. ಹುಲಿ, ಕಪ್ಪೆ, ಹಕ್ಕಿಗಳೇ ಅದರಲ್ಲಿ ಮಾತಾಡುವವರು. ಸೊಲ್ಲಾಪುರದ ಮಗ್ಗುಲಲ್ಲೇ ನಾನ್ನಜ ಇದೆ. 1979ರಲ್ಲಿ ಮಾಳಢೋಕ ಹಕ್ಕಿಗಾಗಿ ಅಭಯಾರಣ್ಯವಾದ ಸೀಮೆ ಅದು. ಕನ್ನಡದಲ್ಲಿ ನಾವು ಎರೆಭೂತ ಎನ್ನುವ ಆ ಹಕ್ಕಿ, ಹುಲ್ಲುಗಾವಲು ಕರಗಿ, ಕರೆಂಟಿನ ತಂತಿಗೆ ಬಡಿದು, ಇಡೀ ದೇಶದಲ್ಲೇ ಅಳಿಯುವ ಹಂತಕ್ಕೆ ಬಂದಿದೆ. ಇದು ಗೊತ್ತಿದ್ದವರು ‘ಗ್ರೀನ್ ಹ್ಯೂಮರ್’ ಓದಿದರೆ ನಗುತ್ತಲೇ ಹೊಟ್ಟೆಯೊಳಗೆ ಸಂಕಟಪಡುತ್ತಾರೆ.

2. ತಿಳಿಯದ ಪದಕ್ಕೆ ನಿಲ್ಲಬೇಡಿ. ಕಾಮಿಕ್ ಪಟ್ಟಿ ಪೂರ್ತಿ ಮುಗಿಸಿ, ಆಮೇಲೆ ಒಂದೇ ಒಂದು ಪದ ಹುಡುಕಿ.

3. ಒಂದು ಕಥೆ, ಎರಡು ಲಿಪಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಚಿತ್ರಕಥೆಗಳು ಕನ್ನಡದಲ್ಲೂ ಮರಾಠಿಯಲ್ಲೂ ಇವೆ, ದುಡ್ಡು ಕೊಡಬೇಕಿಲ್ಲ. ಅವನ್ನು ಕಾಮಿಕ್ಸ್ ಎಂದು ಕರೆಯಲು ಬಾರದು, ಆದರೂ ಬಿಡಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಕನ್ನಡ ಮಾತಾಡಿದರೂ ಶಾಲೆ ಕಲಿತದ್ದು ಮರಾಠಿಯಲ್ಲಿ. ಅವ್ವನ ಮಾತಿನ ಅಕ್ಷರ ಅವರಿಗೆ ಬಾರದು. ಅಂಥವರು ಮೊದಲು ಮರಾಠಿಯಲ್ಲಿ ಓದಲಿ, ಕೂಡಲೇ ಅದೇ ಕಥೆಯನ್ನು ಕನ್ನಡದಲ್ಲಿ ತೆರೆಯಲಿ. ಕಥೆ ಮೊದಲೇ ಗೊತ್ತಿರುವುದರಿಂದ ಅಕ್ಷರ ತಾನಾಗಿ ಕೈಗೆ ಹತ್ತುತ್ತದೆ.

4. ಐಟಿಐ, ಡಿಪ್ಲೊಮಾ ಮಾಡಿದವರು ‘ಎಕ್ಸ್‌ಕೆಸಿಡಿ’ ಬಿಡಬೇಡಿ. ಅಮೆರಿಕದ ರ್‍ಯಾಂಡಲ್ ಮನ್ರೋ 2005ರಲ್ಲಿ ಶುರು ಮಾಡಿದ್ದು. ಕಡ್ಡಿಯಂಥ ಮನುಷ್ಯರು, ವಿಷಯ ಗಣಿತ, ವಿಜ್ಞಾನ, ಕಂಪ್ಯೂಟರ್. ಸೋಮವಾರ, ಬುಧವಾರ, ಶುಕ್ರವಾರ ಹೊಸದು ಬರುತ್ತದೆ. 2013ರ ‘ಟೈಮ್’ ಎಂಬ ಒಂದೇ ಕಾಮಿಕ್ ನಾಲ್ಕು ತಿಂಗಳು ಒಂದೊಂದೇ ಚಿತ್ರವಾಗಿ ಬಂದು 3,099 ಚಿತ್ರಗಳಿಗೆ ಮುಗಿಯಿತು. ಚಿತ್ರದ ಮೇಲೆ ಮೌಸ್ ಇಟ್ಟರೆ ಇನ್ನೊಂದು ಮಾತು ಕಾಣಿಸುತ್ತದೆ, ಅದನ್ನೂ ಓದಿ.

5. ಲೂಮ್ ಮುಂದೆ ಫೋನ್ ಬೇಡ. ಚಹಾದ ಹೊತ್ತಿಗೆ ಒಂದು ಪಟ್ಟಿ ಸಾಕು. ಕೊರಿಯಾದ ವೆಬ್‌ಟೂನ್‌ಗಳು ಬೆರಳಿನಿಂದ ಮೇಲೆ ಸರಿಸುತ್ತ ಓದಲು ಬಹಳ ಚೆಂದ, ಆದರೆ ಉದ್ದನೆಯವು. ಅವನ್ನು ವಾರದ ಸೂಟಿಗೆ ಇಟ್ಟುಕೊಳ್ಳಿ. ನೈಟ್ ಶಿಫ್ಟಿನ ಮುಂಚಿನ ನಿದ್ದೆ ಕಳೆದುಕೊಳ್ಳಬೇಡಿ.

6. ಒಂದನ್ನಾದರೂ ನಿಮ್ಮ ಕನ್ನಡಕ್ಕೆ ತನ್ನಿ. ಫ್ರಾನ್ಸಿನ ಡೇವಿಡ್ ರೆವಾ 2014ರಿಂದ ಬಿಡಿಸುತ್ತಿರುವ ‘ಪೆಪ್ಪರ್ ಅಂಡ್ ಕ್ಯಾರಟ್’ನಲ್ಲಿ ಒಬ್ಬಳು ಎಳೆಯ ಮಾಟಗಾತಿ, ಅವಳದೊಂದು ಬೆಕ್ಕು. ಕಲಾವಿದರ ಹೆಸರು ಹಾಕಿದರೆ ಯಾರು ಬೇಕಾದರೂ ಅದನ್ನು ಅನುವಾದಿಸಿ ಹಂಚಬಹುದು ಎಂಬ ಪರವಾನಗಿ ಅದಕ್ಕಿದೆ. ಪುಸ್ತಕದ ಕನ್ನಡ ಹುಡುಕಬೇಡಿ. “ಯಾಕವ್ವಾ, ಎಲ್ಲಿ ಹೊಂಟಿ?” ಎಂದು ಮನೆಯಲ್ಲಿ ಕೇಳುವ ಹಾಗೆಯೇ ಮಾತಿನ ಗುಳ್ಳೆ ತುಂಬಿ. ಮುಗಿದ ಮೇಲೆ ಓಣಿಯ ಹುಡುಗರಿಗೆ ಓದಿ ಹೇಳಿ. ಎಲ್ಲಿ ಅವರು ನಗಲಿಲ್ಲವೋ ಆ ಗುಳ್ಳೆಯನ್ನು ಅಳಿಸಿ ಮತ್ತೆ ಬರೆಯಿರಿ.