ಸಬ್ಬತ್‌ದಿನದ ಮಡಕೆ



ಸಬ್ಬತ್‌ದಿನದಲ್ಲಿ ಇಸ್ರಾಯೇಲ್ಯರ ಮನೆಗಳಲ್ಲಿ ಒಲೆ ಹೊತ್ತಿಸುವದು ನಿಷೇಧಿಸಲ್ಪಟ್ಟಿತ್ತೆಂದು ವಿಮೋಚನಕಾಂಡದ 35ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹಾಗಾದರೆ ಎಳೆಯ ಮಕ್ಕಳು ಆ ದಿನ ತಣ್ಣಗಿನ ಊಟವನ್ನೇ ಉಣ್ಣಬೇಕಾಗಿತ್ತೋ? ಯೆಹೂದ್ಯ ತಾಯಂದಿರು ಇದಕ್ಕೆ ಕಂಡುಕೊಂಡ ಉಪಾಯವು ನಮಗೂ ಪಾಠವಾಗಿರುವದು.

ಅವರ ದಿನವು ಸಾಯಂಕಾಲದಲ್ಲಿ ಆರಂಭವಾಗುವದರಿಂದ, ಶುಕ್ರವಾರ ಸೂರ್ಯಾಸ್ತಮಾನಕ್ಕೆ ಮುಂಚೆಯೇ ಮಡಕೆಯನ್ನು ಬೆಂಕಿಯ ಮೇಲಿಟ್ಟು, ಮರುದಿನ ಮಧ್ಯಾಹ್ನದ ವರೆಗೂ ಸಣ್ಣ ಕಾವಿನಲ್ಲಿ ಬೇಯಗೊಡುವರು. ಪೂರ್ವ ಯೂರೋಪಿನ ಯೆಹೂದ್ಯರು ಇದನ್ನು ಚೋಲೆಂಟ್ ಎನ್ನುವರು. ಬೇರೆ ದೇಶಗಳ ಯೆಹೂದ್ಯರಲ್ಲಿ ಹಮೀನ್ ಎಂಬ ಹೆಸರುಂಟು. ಇದಕ್ಕೆ ಬಿಸಿಯಾದದ್ದೆಂದು ಅರ್ಥ. 1939ರ ಮಹಾಯುದ್ಧಕ್ಕೆ ಮೊದಲು ಪೋಲೆಂಡಿನ ಊರುಗಳಲ್ಲಿ ಅನೇಕರು ಮಡಕೆಯ ಮುಚ್ಚಳಕ್ಕೆ ಕಲಸಿದ ಹಿಟ್ಟನ್ನು ಮೆತ್ತಿ ರೊಟ್ಟಿಗಾರನ ಒಲೆಯಲ್ಲಿಟ್ಟು, ಸಭಾಮಂದಿರದ ಆರಾಧನೆಯು ತೀರಿದ ಮೇಲೆ ಮನೆಗೆ ತರುತ್ತಿದ್ದರು.

ಮಾಡುವ ಕ್ರಮವು ಹೀಗಿದೆ. ಒಂದು ಬಟ್ಟಲು ಒಣ ಬೀನ್ಸ್ ಕಾಳನ್ನು ರಾತ್ರಿಯೆಲ್ಲಾ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ಇದನ್ನು ಬಿಡಬಾರದು, ಯಾಕಂದರೆ ಕೆಂಪು ಬೀನ್ಸ್ ಕಾಳಿನಲ್ಲಿರುವ ವಿಷಾಂಶವು ಸಣ್ಣ ಕಾವಿಗೆ ಅಳಿಯುವದಿಲ್ಲ. ಬಳಿಕ ಅರ್ಧ ಬಟ್ಟಲು ಜವೆಗೋದಿ, ಎರಡು ಈರುಳ್ಳಿ, ನಾಲ್ಕು ಆಲೂಗಡ್ಡೆ, ಅರ್ಧ ಕಿಲೋ ದನದ ಮಾಂಸ, ಸ್ವಲ್ಪ ಉಪ್ಪು ಇವುಗಳನ್ನು ಕೂಡಿಸಿ, ಎಲ್ಲವೂ ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹೊಯ್ದು, ಒಮ್ಮೆ ಕುದಿ ಬಂದ ಮೇಲೆ ಕಾವನ್ನು ತಗ್ಗಿಸಬೇಕು. ಕಾವು ಆರಿಹೋಗಿ ಅಡಿಗೆಯು ಉಗುರುಬೆಚ್ಚಗೆ ನಿಂತರೆ ಕೆಡುವದು. ಚಿಕ್ಕ ಮಕ್ಕಳಿಗೆ ಬಡಿಸುವಾಗ ಎಲುಬುಗಳನ್ನು ತೆಗೆದು, ಕಾಳನ್ನೂ ಮಾಂಸವನ್ನೂ ಕಿವುಚಿ, ಆರಿಸಿ ಉಣ್ಣಿಸಬೇಕು.

ಇದರಿಂದ ನಾವು ಕಲಿಯುವದೇನು? ಊಟಪಾನಗಳ ಮತ್ತು ಸಬ್ಬತ್‌ದಿನದ ವಿಷಯದಲ್ಲಿ ಕ್ರೈಸ್ತರು ನಿಯಮದ ನೊಗಕ್ಕೆ ಒಳಪಟ್ಟವರಲ್ಲವೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯವು ತಿಳಿಸುವದು. ಭಾನುವಾರ ಒಲೆ ಹೊತ್ತಿಸಿದರೆ ಪಾಪವಿಲ್ಲ. ಹೊತ್ತಿಸದಿದ್ದರೆ ಪುಣ್ಯವೂ ಇಲ್ಲ. ನಮ್ಮ ರಕ್ಷಣೆಯು ಕ್ರಿಸ್ತನ ಕೃಪೆಯಿಂದಲೇ ಆಗುವದು. ಆದರೂ ನಮ್ಮ ಸಭೆಗಳಲ್ಲಿ ಒಂದು ಕೊರತೆಯನ್ನು ಕಾಣುತ್ತೇವೆ. ಗಂಟೆ ಬಾರಿಸುವಾಗ ಗಂಡಸರೂ ಮಕ್ಕಳೂ ಬರುವರು. ತಾಯಿಯಾದರೋ ಹೊಗೆಯೊಳಗೆ ಕೂತಿರುವಳು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ದೇವರು ದಾಸಿಗೂ ಎತ್ತಿಗೂ ವಿಶ್ರಾಂತಿಯನ್ನು ನೇಮಿಸಿದನು. ಎತ್ತಿನ ನೊಗವನ್ನು ಬಿಚ್ಚಿದ ನಾವು ಮನೆಯಾಕೆಯ ನೊಗವನ್ನು ಬಿಚ್ಚದಿರುವದು ನ್ಯಾಯವೋ?

ಆದದರಿಂದ ಶನಿವಾರ ಸಂಜೆಯೇ ಗಂಡಸರು ಸೌದೆ ಸೀಳಿ ನೀರು ತುಂಬಲಿ, ಮಕ್ಕಳು ಅಕ್ಕಿಯನ್ನು ಆರಿಸಲಿ, ಕಾಳು ನೆನೆಯಲಿ. ಆಗ ತಾಯಿಯೂ ಮಗುವನ್ನೆತ್ತಿಕೊಂಡು ದೇವಾಲಯಕ್ಕೆ ಬರುವಳು. ಹಿಂದಿರುಗಿದ ಮೇಲೆ ಬೇಗನೆ ಬಿಸಿ ಊಟವೂ ಸಿಕ್ಕುವದು.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು:
1. ಕಳೆದ ಭಾನುವಾರ ನಮ್ಮ ಮನೆಯಿಂದ ಆರಾಧನೆಗೆ ಬಾರದವರು ಯಾರು? ಯಾಕೆ?
2. ಈ ಶನಿವಾರ ಆಕೆಯ ಯಾವ ಕೆಲಸವನ್ನು ನಾವು ಮಾಡಬಹುದು?